ಒಂದು ತಾಯಿಯ ಹನ್ನೆರಡು ಮೇಜುಗಳು

ನೆಂಟರೆಲ್ಲ ಹೋದ ಮಾರನೆಯ ಬೆಳಿಗ್ಗೆ ಬಾಡಿಗೆ ಕುರ್ಚಿಯವನು ಬಂದ. ಅಂತ್ಯಕ್ರಿಯೆಗೆ ಬಂದವರು ಕೂರಲೆಂದು ತರಿಸಿದ್ದ ನೀಲಿ ಪ್ಲಾಸ್ಟಿಕ್ ಕುರ್ಚಿಗಳು ಬಾಗಿಲ ಪಕ್ಕದಲ್ಲಿ ಒಂದರ ಮೇಲೊಂದು ಹತ್ತಿ ನಿಂತಿದ್ದವು. ಅವನು ಎಣಿಸಿದ, ಇನ್ನೊಮ್ಮೆ ಎಣಿಸಿದ, ತಲೆ ಕೆರೆದುಕೊಂಡ.

"ಒಂದು ಜಾಸ್ತಿ ಇದೆಯಲ್ಲಮ್ಮ."

"ಅದು ನಮ್ಮದು," ಎಂದಳು ಮನೆಯ ಸೊಸೆ.

"ಯಾವುದು ನಿಮ್ಮದು?"

ಅವಳು ನೋಡಿದಳು. ಎಲ್ಲವೂ ಒಂದೇ ಅಚ್ಚಿನವು, ಒಂದೇ ನೀಲಿ. ಮದುವೆಯಾಗಿ ಬಂದಾಗಿನಿಂದ ಒರೆಸಿ ಇಟ್ಟ ಕುರ್ಚಿಯ ಗುರುತು ಅವಳಿಗೆ ಸಿಗಲಿಲ್ಲ. ಒಳಗಿನಿಂದ ಅತ್ತೆ ಕೂಗಿದರು, "ಯಾವುದಾದ್ರೂ ಒಂದು ಬಿಟ್ಟು ಹೋಗಪ್ಪ, ಕೂರೋಕೆ ತಾನೆ!"

ಕುರ್ಚಿಯವನು ಹೋದ ಮೇಲೆ ಅವಳು ಸ್ನಾನ ಮಾಡಿ, ಆಫೀಸಿನ ಬಟ್ಟೆ ತೊಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ನಿಂತ ಮೇಲೆ ಇನ್ನೊಂದು ಗೊಂದಲ. "ಹೋಗಲಾ" ಎಂದು ಕೇಳಬೇಕೋ, "ಹೋಗಿ ಬರ್ತೀನಿ" ಎಂದು ಹೇಳಬೇಕೋ? ಗಂಡ ಇದ್ದಾಗ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದರು. ಹೇಳುವ ಕೆಲಸ ಅವನದಾಗಿತ್ತು. ಅತ್ತೆ ಹಾಸಿಗೆಯ ಮೇಲೆ ಕುಳಿತು ಮಗನ ಅಂಗಿಗಳನ್ನು ಮಡಚುತ್ತಿದ್ದರು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದರು.

"ಹೋಗು," ಎಂದರು ತಲೆ ಎತ್ತದೆ. "ಇಬ್ಬರೂ ಮುಖ ಮುಖ ನೋಡ್ಕೊಂಡು ಕೂತ್ರೆ ಏನು ಬಂತು? ಹೊತ್ತು ಹೋಗಲ್ಲ."

ಕಂಪನಿ ಇದ್ದದ್ದು ಹಳೆಯ ಗೋದಾಮುಗಳ ಸಾಲಿನಲ್ಲಿ, ಎರಡನೆಯ ಮಹಡಿಯಲ್ಲಿ. ಅಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಮಾಡುತ್ತಿರಲಿಲ್ಲ. ಪೆಟ್ಟಿಗೆಯನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಚಬೇಕು, ಮೇಲೆ ಏನು ಬರೆಯಬೇಕು ಎಂಬುದರ ನಕ್ಷೆ ಮಾಡಿಕೊಡುತ್ತಿದ್ದರು. ಸಾಬೂನಿನ ಪೆಟ್ಟಿಗೆ, ಷೂ ಪೆಟ್ಟಿಗೆ, ಮಾತ್ರೆಯ ಪೆಟ್ಟಿಗೆ. ಹನ್ನೆರಡು ಮೇಜು, ಹನ್ನೆರಡು ಜನ. ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿದ ಅವಳು "ಈ ಬದಿ ಮೇಲಿರಲಿ" ಎಂಬುದರಲ್ಲಿ ತಪ್ಪಿಲ್ಲವೆಂದು ನೋಡಿ ಕಳಿಸುವ ಮೇಜಿನವಳು. ಗಂಡ ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನು. ಎಡಗೈಯವನಾದ್ದರಿಂದ ಎಲ್ಲರ ಬಾಯಲ್ಲಿ ಎಡಚ. ಅಲ್ಲೇ ಪರಿಚಯ, ಅಲ್ಲೇ ಜಗಳ, ಅಲ್ಲಿಂದಲೇ ಮದುವೆ. ಅದೇ ಕಟ್ಟಡದ ಮೆಟ್ಟಿಲ ಮೇಲೆ, ಯಾಕೋ ಉಸಿರು ಕಟ್ಟುತ್ತಿದೆ ಎಂದು ಕುಳಿತವನು ಏಳಲಿಲ್ಲ. ಅವಳು ಆ ಮೆಟ್ಟಿಲನ್ನೇ ಹತ್ತಿಹೋದಳು; ಬೇರೆ ಮೆಟ್ಟಿಲು ಇರಲಿಲ್ಲ.

ಲೆಕ್ಕ ನೋಡುವ ಹಿರಿಯಕ್ಕ, ಎಲ್ಲರ ಬಾಯಲ್ಲಿ ಲೆಕ್ಕದಕ್ಕ, ಎದ್ದು ಬಂದು ಅವಳನ್ನು ತಬ್ಬಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಬಿಟ್ಟ ಮೇಲೆ ಮೆಲ್ಲಗೆ, "ನೀನು ಬಂದಿದ್ದು ಒಳ್ಳೇದಾಯ್ತು ಕಣೇ. ನನ್ನ ಕಂಪ್ಯೂಟರ್ ಮತ್ತೆ ಸತ್..." ಎಂದು ನಾಲಿಗೆ ಕಚ್ಚಿಕೊಂಡಳು. "ನಿಂತುಹೋಗಿದೆ."

ವೈದ್ಯನ ಹೆಂಡತಿಗೆ ಔಷಧಿ ಗೊತ್ತಿರಲೇಬೇಕು ಎನ್ನುವ ಹಾಗೆ ಎಲ್ಲರೂ ಅವಳತ್ತ ನೋಡಿದರು. ಅವಳು ಲೆಕ್ಕದಕ್ಕನ ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ಅದು ಎದ್ದಿತು. "ನೋಡಿದ್ರಾ!" ಎಂದಳು ಲೆಕ್ಕದಕ್ಕ. ಅಲ್ಲಿಗೆ ಅವಳಿಗೆ ಹೆಸರು ಬಂದುಬಿಟ್ಟಿತು.

ಮಾಲೀಕರು ಅವಳನ್ನು ಗೋಡೆಯ ಬಿಳಿ ಹಲಗೆಯ ಮುಂದೆ ಕರೆದರು. ಅದರ ಮೇಲೆ ಎಡಚ ಬರೆದಿಟ್ಟಿದ್ದ ಚಿತ್ರ: ನಡುವೆ ದೊಡ್ಡ ಚೌಕ, ಅದರೊಳಗೆ "ತಾಯಿ" ಎಂದು ಬರೆದ ಚಿಕ್ಕ ಚೌಕ, ಅದರಿಂದ ಹೊರಟ ಹನ್ನೆರಡು ಎಳೆಗಳು.

"ಇದೇನು ಅಂತ ನಿನಗೆ ಗೊತ್ತಲ್ಲಮ್ಮ?"

ಗೊತ್ತಿತ್ತು, ರೂಪಾಯಿಗೆ ನಾಲ್ಕಾಣೆಯಷ್ಟು. ಮೇಜಿನ ಮೇಲಿನ ಕಂಪ್ಯೂಟರುಗಳು ಮುದಿಯಾಗಿವೆ, ಅವುಗಳ ಕೈಲಿ ದುಡಿಸುವುದು ಬೇಡ, ಅವು ಬರೀ ಕಿಟಕಿಗಳಾಗಿರಲಿ ಎನ್ನುತ್ತಿದ್ದ ಗಂಡ. ದುಡಿಮೆಯೆಲ್ಲ ಒಂದೇ ದೊಡ್ಡ ಸರ್ವರಿನೊಳಗೆ. ಅದರೊಳಗೆ ಮೇಜಿಗೊಂದರಂತೆ ಹನ್ನೆರಡು ಮೈಯಿಲ್ಲದ ಕಂಪ್ಯೂಟರು, ಅಂದರೆ ವರ್ಚುವಲ್ ಡೆಸ್ಕ್‌ಟಾಪು. ಮೊದಲು ಒಂದನ್ನು ಚೆನ್ನಾಗಿ ಸಿದ್ಧ ಮಾಡುವುದು, ಅದು ತಾಯಿ. ಆಮೇಲೆ ಅದರ ನಕಲು ತೆಗೆಯುತ್ತ ಹೋಗುವುದು. ಯಾರಾದರೂ ಕೆಡಿಸಿಕೊಂಡರೆ ಅಳಿಸಿ ಹೊಸ ನಕಲು ಕೊಟ್ಟರಾಯಿತು. ಊಟ ಮಾಡುವಾಗ ತಟ್ಟೆಯ ಅಂಚಿನಲ್ಲಿ ಬೆರಳಾಡಿಸಿ ಇದನ್ನು ವಿವರಿಸುತ್ತಿದ್ದ. ಅವಳು ಹೂಂಗುಟ್ಟುತ್ತಿದ್ದಳು, ಅಷ್ಟೇ.

"ಎಲ್ಲಾ ಓಪನ್ ಸೋರ್ಸು, ಯಾರ ಹಂಗೂ ಇಲ್ಲ, ನಮ್ಮ ಮನೆ ನಾವೇ ಕಟ್ಕೊಂಡ ಹಾಗೆ ಅಂತಿದ್ದ," ಎಂದರು ಮಾಲೀಕರು. "ಶುಕ್ರವಾರ ಹೊರಗಿನ ಕಂಪನಿಯವರು ಬರ್ತಾರೆ. ಅವರು ಎಲ್ಲಾನೂ ತಮ್ಮ ಹತ್ರಾನೇ ಇಟ್ಕೊಂಡು ನಡೆಸ್ತಾರಂತೆ. ಅವತ್ತು ಇದು ನಡೆದ್ರೆ ಇದೇ ಇರಲಿ. ಇಲ್ಲಾಂದ್ರೆ ಎಲ್ಲಾ ಅಳಿಸಿ ಅವರಿಗೆ ಒಪ್ಪಿಸಿಬಿಡ್ತೀನಿ. ನನಗೂ ಬೇರೆ ದಾರಿ ಇಲ್ಲ. ಅವನು ಮುಗಿಸಿದ್ನಾ?"

"ಮುಗಿಸಿದ್ರು ಸರ್," ಎಂದಳು.

ಹಾಗೆ ಯಾಕೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಅಳಿಸುವುದು ಎಂಬ ಮಾತು ಕಿವಿಗೆ ಬಿದ್ದಿತ್ತು, ಬಾಯಿ ತಾನೇ ಉತ್ತರ ಕೊಟ್ಟಿತ್ತು.

ಸರ್ವರು ಇದ್ದದ್ದು ಹಿಂದೆ ಕಸಬರಿಗೆ ಇಡುತ್ತಿದ್ದ ಗೂಡಿನಲ್ಲಿ. ಮಾಲೀಕರಿಗೆ ಗೊತ್ತಿದ್ದ ಪಾಸ್‌ವರ್ಡು ಹಾಕಿ ಅವಳು ಅದನ್ನು ಎಬ್ಬಿಸಿದಳು. ಹನ್ನೆರಡು ನಕಲುಗಳೂ ಸಾಲಾಗಿ ಹಸಿರು ಬಣ್ಣದಲ್ಲಿ ಕಂಡವು. ಇಷ್ಟೇನಾ ಎನಿಸಿತು. ಹೊರಗೆ ಬಂದು, "ಎಲ್ಲರೂ ತಮ್ಮ ತಮ್ಮ ಮೇಜಿನಲ್ಲಿ ತೆರೆದು ನೋಡಿ," ಎಂದಳು.

ಮೊದಲು ಗೆರೆಯಣ್ಣನ ಮೇಜಿನಿಂದ ಕೂಗು ಬಂತು. ಪೆಟ್ಟಿಗೆಯ ನಕ್ಷೆ ಎಳೆಯುವವರಲ್ಲಿ ಹಿರಿಯ ಅವನು. ಕಣ್ಣು ಮುಚ್ಚಿ ನೇರ ಗೆರೆ ಎಳೆಯುತ್ತೇನೆಂದು ಜಂಬ ಕೊಚ್ಚುತ್ತಿದ್ದವನು. "ತಂಗೀ, ನನ್ನ ಮೌಸಿಗೆ ತಲೆ ತಿರುಗಿದೆ! ಎಡ ಒತ್ತಿದ್ರೆ ಬಲ ಅಂತೆ, ಬಲ ಒತ್ತಿದ್ರೆ ಎಡ ಅಂತೆ."

"ನನ್ನದೂ ಹಾಗೇ."

"ನಂದೂ."

ಎಡಚ ತಾನು ಬಳಸುತ್ತಿದ್ದುದನ್ನೇ ತಾಯಿ ಮಾಡಿಬಿಟ್ಟಿದ್ದ. ಅವನ ಮೌಸು ತಿರುಗುಮುರುಗು, ಆದ್ದರಿಂದ ಹನ್ನೆರಡೂ ತಿರುಗುಮುರುಗು. ದಪ್ಪ ಕನ್ನಡಕದವನಾದ್ದರಿಂದ ಹನ್ನೆರಡರಲ್ಲೂ ಅಕ್ಷರ ದಪ್ಪ. "ನಮ್ಮನ್ನೆಲ್ಲ ಎಡಚರನ್ನಾಗಿ ಮಾಡಿ ಹೋಗಿಬಿಟ್ನಲ್ಲಮ್ಮ ಅವನು!" ಎಂದ ಗೆರೆಯಣ್ಣ. ಎಲ್ಲರೂ ನಕ್ಕರು. ನಕ್ಕವರು ಅವಳ ಮುಖ ನೋಡಿ ಒಬ್ಬೊಬ್ಬರಾಗಿ ನಿಲ್ಲಿಸಿದರು. ತಾನೂ ನಗುತ್ತಿದ್ದೆನೋ ಏನೋ, ಅವಳಿಗೆ ಗೊತ್ತಾಗಲಿಲ್ಲ.

ಅದು ಚಿಕ್ಕ ತೊಂದರೆ. ದೊಡ್ಡದು ಆಮೇಲೆ ಶುರುವಾಯಿತು. ಲೆಕ್ಕದಕ್ಕ ತೆರೆದು ಕೂತರೆ ಗೆರೆಯಣ್ಣನ ಪರದೆ ಕಪ್ಪಾಗುತ್ತಿತ್ತು. ಗೆರೆಯಣ್ಣ ಮತ್ತೆ ಒಳಹೊಕ್ಕರೆ ಬಾಗಿಲ ಬಳಿಯವನು ಹೊರಗೆ ಬೀಳುತ್ತಿದ್ದ. ಒಂದೇ ಕುರ್ಚಿಗೆ ಹನ್ನೆರಡು ಜನ ನುಗ್ಗಿದ ಹಾಗೆ ಒಬ್ಬ ಕೂತರೆ ಇನ್ನೊಬ್ಬ ನೆಲಕ್ಕೆ.

"ಯಾರ್ರೀ ನನ್ನ ಹೊರಗೆ ತಳ್ಳಿದ್ದು?"

"ನಾನೇನು ಮಾಡಿದೆ? ನಾನು ಸುಮ್ನೆ ಕೂತಿದೀನಿ."

"ಸುಮ್ನೆ ಕೂತಿರೋರೇ ಅಪಾಯ," ಎಂದಳು ಲೆಕ್ಕದಕ್ಕ, ಅಷ್ಟರಲ್ಲಿ ಅವಳ ಪರದೆಯೂ ಕಪ್ಪಾಯಿತು.

ಮಧ್ಯಾಹ್ನದವರೆಗೂ ಅವಳು ಮೇಜಿನಿಂದ ಮೇಜಿಗೆ ಓಡಾಡಿದಳು. ತಂತಿ ಬದಲಿಸಿದಳು. ಆರಿಸಿ ಹಚ್ಚುವ ಮಂತ್ರ ಈ ಸಲ ಫಲಿಸಲಿಲ್ಲ. ಕೊನೆಗೆ ಹಳೆಯ ಕಂಪ್ಯೂಟರುಗಳಲ್ಲೇ ಕೆಲಸ ಮಾಡಿಕೊಳ್ಳಿರೆಂದು ಹೇಳಿ ಗೂಡಿನಲ್ಲಿ ಕುಳಿತಳು. ಗಂಡ ಸುಳ್ಳು ಹೇಳುವವನಲ್ಲ. ಆದರೆ ಮುಗಿಸಿದೆ ಎಂದು ಅವನು ಯಾವತ್ತೂ ಹೇಳಿರಲಿಲ್ಲ. ಹೇಳಿದ್ದು ಅವಳು.

ಮಾರನೆಯ ದಿನ ಅವನ ಫೋನು ತೆಗೆದು ಯಾರನ್ನು ಕೇಳಲಿ ಎಂದು ಹುಡುಕಿದಳು. ಅವನು ಅತಿ ಹೆಚ್ಚು ಮಾತಾಡಿದ್ದು ತನ್ನೊಡನೆ. ಅದರ ಕೆಳಗಿನ ಹೆಸರು "ಹೆಗ್ಗಣ". ಕರೆ ಮಾಡಿದಳು. ಆ ಕಡೆಯವನು ಎತ್ತಿದ, ಹಲೋ ಎನ್ನಲಿಲ್ಲ. ಸತ್ತವನ ನಂಬರಿನಿಂದ ಕರೆ ಬಂದರೆ ಇನ್ನೇನು ಮಾಡಿಯಾನು ಎಂದು ಅವಳಿಗೆ ತಡವಾಗಿ ಹೊಳೆಯಿತು.

"ನಾನು, ಅವರ ಮನೆಯಿಂದ," ಎಂದಳು.

"ಹೇಳಿ ಅತ್ತಿಗೆ," ಎಂದ ಅವನು, ಉಸಿರು ಬಿಟ್ಟು.

ಅವನು ಬಂದ. ತೆಳ್ಳನೆಯ, ಮಂಡಿಯಲ್ಲಿ ಧೂಳಿದ್ದ ಮನುಷ್ಯ. ಎರಡು ಬೀದಿ ಆಚೆಯ ಮುದ್ರಣಾಲಯದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಎಡಚನ ಕಾಲೇಜಿನ ಗೆಳೆಯ. ಅಂತ್ಯಕ್ರಿಯೆಯ ದಿನ ಗೇಟಿನ ಬಳಿಯೇ ನಿಂತು ಹೋದವನು ಇವನೇ ಎಂದು ಈಗ ಗೊತ್ತಾಯಿತು.

"ನಿಮ್ಮನ್ನ ಏನಂತ ಕರೀಬೇಕು?" ಎಂದಳು. "ಫೋನಲ್ಲಿ..."

"ಹೆಗ್ಗಣ ಅಂತಿದೆ. ಗೊತ್ತು. ದಿನಾ ನೆಲದಡಿ ತಂತಿ ಎಳೀತೀನಲ್ಲ. ನೀವೂ ಹಾಗೇ ಕರೀರಿ. ಈಗ ಸರಿಯಾದ ಹೆಸರು ಹಿಡಿದು ಕರೆದ್ರೆ ನನಗೇ ಯಾರೋ ಅನ್ಸುತ್ತೆ."

ಅವಳು ನಡೆದುದೆಲ್ಲ ಹೇಳಿದಳು. ಅವನು ಪರದೆಯ ಮುಂದೆ ಕೂತು ಏನೇನೋ ತೆರೆದ, ಮುಚ್ಚಿದ. "ವಿಚಿತ್ರ," ಎಂದ. "ಒಂದೊಂದಾಗಿ ನೋಡಿದ್ರೆ ಎಲ್ಲಾ ಸರಿಯಾಗಿದೆ. ಒಟ್ಟಿಗೆ ಬಂದ್ರೆ ಜಗಳ."

ಅವಳು ಬಹಳ ಹೊತ್ತು ನೋಡುತ್ತ ನಿಂತಳು. ಮೌಸು ತಿರುಗುಮುರುಗು, ಅಕ್ಷರ ದಪ್ಪ. ಅಷ್ಟೂ ನಕಲಾಗಿದ್ದರೆ ಇನ್ನೇನೇನು ನಕಲಾಗಿರಬಹುದು? "ಇವಕ್ಕೆ ತಾವು ಬೇರೆ ಬೇರೆ ಅಂತ ಗೊತ್ತಾ?" ಎಂದು ಕೇಳಿದಳು. "ಅಥವಾ ಹನ್ನೆರಡೂ ತಾನೇ ಅವರ ಕಂಪ್ಯೂಟರು ಅಂದ್ಕೊಂಡಿದಾವಾ?"

ಹೆಗ್ಗಣ ತಿರುಗಿ ನೋಡಿದ. ಮತ್ತೆ ಪರದೆಗೆ ತಿರುಗಿ ಒಂದು ನಕಲಿನ ಗುರುತಿನ ಸಂಖ್ಯೆ ತೆಗೆದ, ಇನ್ನೊಂದರದು ತೆಗೆದ. ಎರಡೂ ಒಂದೇ. ಮೂರನೆಯದೂ ಅದೇ. ಹಣೆ ಚಚ್ಚಿಕೊಂಡ.

"ಅಯ್ಯೋ ಪೆದ್ದ!" ಎಂದ, ಸತ್ತವನಿಗೆ. "ಅತ್ತಿಗೆ, ಪ್ರತಿ ಯಂತ್ರಕ್ಕೂ ಮೊದಲು ಎದ್ದಾಗ ಒಂದು ಗುರುತು ಹುಟ್ಟುತ್ತೆ. ಆ ಗುರುತು ನೋಡಿ ನೆಟ್‌ವರ್ಕಿನಲ್ಲಿ ವಿಳಾಸ ಕೊಡ್ತಾರೆ. ನಕಲು ತೆಗೆಯೋಕೆ ಮುಂಚೆ ತಾಯಿಯ ಗುರುತು ಖಾಲಿ ಮಾಡ್ಬೇಕು. ಆಗ ಪ್ರತಿ ನಕಲಿಗೂ ಅದರದೇ ಹುಟ್ಟುತ್ತೆ. ಇವನು ಖಾಲಿ ಮಾಡಿಲ್ಲ. ಹನ್ನೆರಡು ಜನಕ್ಕೂ ಒಂದೇ ಮನೆ ವಿಳಾಸ."

"ಖಾಲಿ ಮಾಡಿದ್ರೆ ಅವರದ್ದು ಹೋಗುತ್ತಾ?"

"ಒಂದು ಸಾಲು, ಅಷ್ಟೇ. ಉಳಿದಿದ್ದು ಇರುತ್ತೆ." ಕುರ್ಚಿ ಬಿಟ್ಟು ಎದ್ದು, "ನೀವೇ ಮಾಡ್ತೀರಾ?" ಎಂದ.

ಅವಳು ಕುಳಿತಳು. ಉದ್ದನೆಯ, ಅರ್ಥವಿಲ್ಲದ ಸಂಖ್ಯೆ. ಅದನ್ನು ಓದಿದಳು, ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತೇ ಎಂದು ಯೋಚಿಸಿದಳು. ಆಮೇಲೆ ಅಳಿಸಿದಳು. ಮೌಸನ್ನು ಎಲ್ಲರಂತೆ ಮಾಡಿದಳು. ಅಕ್ಷರವನ್ನು ಚಿಕ್ಕದು ಮಾಡಲು ಹೋದಾಗ ಹಿಂದಿನಿಂದ ಲೆಕ್ಕದಕ್ಕ, "ಅಕ್ಷರ ಇರಲಿ ಬಿಡೇ, ನನಗೂ ಚೆನ್ನಾಗಿ ಕಾಣುತ್ತೆ," ಎಂದಳು. ಅದು ಹಾಗೇ ಉಳಿಯಿತು.

ಹಳೆಯ ನಕಲುಗಳನ್ನು ತೆಗೆದು ಹೊಸ ಹನ್ನೆರಡನ್ನು ಎಬ್ಬಿಸಿದಾಗ ಯಾರೂ ಯಾರನ್ನೂ ತಳ್ಳಲಿಲ್ಲ. ಗೆರೆಯಣ್ಣ ಷೂ ಪೆಟ್ಟಿಗೆಯನ್ನು ಪರದೆಯ ಮೇಲೆ ಗಿರಗಿರನೆ ತಿರುಗಿಸಿ, "ಬೆಣ್ಣೆ ತಂಗೀ, ಬೆಣ್ಣೆ!" ಎಂದ. ಮಾಲೀಕರು ಗೂಡಿನ ಬಾಗಿಲಿಗೆ ಬಂದು ತಲೆಯಾಡಿಸಿ ಹೋದರು.

ಹೆಗ್ಗಣ ಮಾತ್ರ ಹೊರಡಲಿಲ್ಲ. ಸರ್ವರಿನ ಬದಿಯ ತಗಡು ತೆಗೆದು ಒಳಗೆ ಇಣುಕಿದ, ಮುಚ್ಚಿದ. ಮತ್ತೆ ತೆಗೆದ.

"ಏನು?"

"ಏನಿಲ್ಲ. ಶುಕ್ರವಾರ ಮುಗೀಲಿ, ಆಮೇಲೆ ಮಾತಾಡೋಣ."

"ಈಗಲೇ ಹೇಳಿ. ನನಗೆ ಈಗ ಯಾವುದನ್ನೂ ಆಮೇಲೆ ಅಂತ ಇಟ್ಕೊಳ್ಳೋಕೆ ಆಗ್ತಿಲ್ಲ."

ಅವನು ಬೆರಳು ತೋರಿಸಿದ. ಒಳಗೆ ನಿಲ್ಲಿಸಿದ್ದ ಮೆಮೊರಿ ಪಟ್ಟಿಗಳಲ್ಲಿ ನಾಲ್ಕರ ಮೇಲೆ ಮುದ್ರಣಾಲಯದ ಹಳದಿ ಚೀಟಿ ಅಂಟಿತ್ತು. "ಅವು ನಮ್ಮವು. ಪರೀಕ್ಷೆ ಮಾಡಿ ನೋಡ್ತೀನಿ, ಒಂದು ವಾರ ಕೊಡು ಅಂದ. ನಮ್ಮ ಎರಡನೇ ಯಂತ್ರದಿಂದ ಕಿತ್ತು ಕೊಟ್ಟೆ. ಮೊದಲನೇದು ಕೈಕೊಟ್ರೆ ಅಂತ ಇಟ್ಟಿರೋ ಯಂತ್ರ ಅದು. ಈಗ ಅದು ಅರ್ಧ ಹೊಟ್ಟೇಲಿದೆ."

"ಇವನ್ನ ತೆಗೆದ್ರೆ?"

"ಮೆಮೊರಿ ಅಂದ್ರೆ ಕೆಲಸ ಮಾಡುವಾಗ ಸಾಮಾನು ಹರಡ್ಕೊಳ್ಳೋ ಜಾಗ ಅಂದ್ಕೊಳ್ಳಿ. ಅರ್ಧ ಜಾಗ ಹೋಗುತ್ತೆ. ಹನ್ನೆರಡು ಜನ ಕೂರಲ್ಲ." ಅವಳ ಮುಖ ನೋಡಿ ಬೇಗ ಸೇರಿಸಿದ, "ಶುಕ್ರವಾರದವರೆಗೆ ಇರಲಿ ಅತ್ತಿಗೆ. ನಮ್ಮ ಸಾಹೇಬ್ರಿಗೆ ಗೊತ್ತಾದ್ರೆ ಚರ್ಮ ಸುಲೀತಾರೆ, ಆದ್ರೆ ಗೊತ್ತಾಗಲ್ಲ. ಇಷ್ಟು ದಿನ ಗೊತ್ತಾಗಿಲ್ಲ."

ಸಂಜೆ ಮನೆಯಲ್ಲಿ ಅವಳು ಅತ್ತೆಗೆ ಹೇಳಿದಳು. ಕಂಪ್ಯೂಟರಿನ ಗಂಧವಿಲ್ಲದವರಿಗೆ ಹೇಗೆ ಹೇಳುವುದೆಂದು ತಿಳಿಯದೆ, ಪಕ್ಕದ ಮನೆಯ ದೊಡ್ಡ ಪಾತ್ರೆ ತಂದು ನಮ್ಮದೆಂದು ತೋರಿಸಿ ಹನ್ನೆರಡು ಜನರನ್ನು ಊಟಕ್ಕೆ ಕರೆದ ಹಾಗಾಗಿದೆ ಎಂದಳು.

"ನನ್ನ ಮಗ ಹಾಗೆಲ್ಲ ಮಾಡೋನಲ್ಲ."

"ಅವರು ವಾಪಸ್ ಕೊಡ್ತಿದ್ರು ಅತ್ತೆ. ಸಮಯ ಸಿಗಲಿಲ್ಲ."

ಅತ್ತೆ ಅಂಗಿಯ ಗುಂಡಿ ಹಾಕಿದರು, ತೆಗೆದರು. "ಶುಕ್ರವಾರ ಮುಗೀಲಿ. ಅಲ್ಲೀವರೆಗೆ ಯಾರಿಗೆ ಗೊತ್ತಾಗುತ್ತೆ? ಅವನ ಕೆಲಸ ನಿಲ್ಲಲಿ ಕಣೇ. ಇಷ್ಟಾದ್ರೂ ನಿಲ್ಲಲಿ."

ಅವಳಿಗೂ ಬೇಕಾದದ್ದು ಅದೇ. ಮಾಲೀಕರು ಹನ್ನೆರಡನ್ನು ಕಂಡು ಒಪ್ಪಿಕೊಳ್ಳುತ್ತಾರೆ. ಮರುದಿನ ಪಟ್ಟಿಗಳು ಹೋಗುತ್ತವೆ, ಹನ್ನೆರಡೂ ಏದುಸಿರು ಬಿಡುತ್ತವೆ. ಆಗ ಯಾರೂ ಎರವಲು ಎನ್ನುವುದಿಲ್ಲ. ಎಡಚನ ಕೆಲಸವೇ ಹೀಗೆ ಎನ್ನುತ್ತಾರೆ. ತೆಗೆದರೆ ಶುಕ್ರವಾರವೇ ಸೋಲು. ಅತ್ತ ದರಿ ಇತ್ತ ಪುಲಿ. ಯಾವುದು ಅವನ ಪರ, ಯಾವುದು ವಿರುದ್ಧ? ಅವನನ್ನೇ ಕೇಳೋಣವೆಂದು ಅವಳು ನಿಜವಾಗಿಯೂ ಅಡುಗೆಮನೆಯಿಂದ ಎದ್ದು ಕೋಣೆಯ ಬಾಗಿಲವರೆಗೆ ಹೋದಳು.

ಗುರುವಾರ ಎಲ್ಲರೂ ಊಟಕ್ಕೆ ಎದ್ದಾಗ ಸರ್ವರನ್ನು ಆರಿಸಿ, ಹೆಗ್ಗಣ ಫೋನಿನಲ್ಲಿ ಹೇಳಿದ ಹಾಗೆ ಹಳದಿ ಚೀಟಿಯ ಪಟ್ಟಿಗಳನ್ನು ಒಂದೊಂದಾಗಿ ಕಿತ್ತಳು. ಧೈರ್ಯ ಬಂದು ಮಾಡಿದ್ದಲ್ಲ. ಇನ್ನೊಂದು ದಿನ ಯೋಚಿಸುವ ಶಕ್ತಿ ಇರಲಿಲ್ಲ.

ಉಳಿದ ಅರ್ಧವನ್ನು ಹಂಚಬೇಕಿತ್ತು. ಎಡಚ ಎಲ್ಲರಿಗೂ ಸಮಪಾಲು ಹಾಕಿದ್ದ, ಪಂಕ್ತಿಭೇದ ಮಾಡದವನು. ಆದರೆ ಲೆಕ್ಕ ಬರೆಯುವವರಿಗೂ ಪೆಟ್ಟಿಗೆ ತಿರುಗಿಸುವವರಿಗೂ ಒಂದೇ ಪಾಲೇಕೆ? ಅವಳು ಮೇಜಿನಿಂದ ಮೇಜಿಗೆ ಹೋಗಿ ಕೇಳಿದಳು. ಕೇಳಿದ್ದೇ ತಪ್ಪಾಯಿತು.

"ನನಗೆ ಜಾಸ್ತೀನೇ ಬೇಕು," ಎಂದಳು ಲೆಕ್ಕದಕ್ಕ.

"ನೀವು ತೆರೆಯೋದು ಒಂದೇ ಲೆಕ್ಕದ ಹಾಳೆ ಅಲ್ವಾ ಅಕ್ಕ?"

"ಒಂದೇ ಆದ್ರೂ ದೊಡ್ಡದು. ಗೆರೆಯಣ್ಣನಿಗೆ ಎಷ್ಟು ಕೊಟ್ಟೆ?"

"ನನ್ನ ಪಾಲಿಗೆ ಕಣ್ಣು ಹಾಕ್ಬೇಡಿ," ಎಂದ ಗೆರೆಯಣ್ಣ ಆ ಕಡೆಯಿಂದ. "ಪೆಟ್ಟಿಗೆ ತಿರುಗದಿದ್ರೆ ನಿಮ್ಮ ಲೆಕ್ಕಕ್ಕೆ ಬರೆಯೋಕೆ ಏನೂ ಇರಲ್ಲ."

ಕೊನೆಗೆ ಅವಳು ಯಾರ ಮಾತನ್ನೂ ಕೇಳದೆ, ಯಾರು ಏನು ತೆರೆಯುತ್ತಾರೆಂದು ಸರ್ವರಿನಲ್ಲೇ ನೋಡಿ ಹಂಚಿದಳು. ತನಗೆ ಎಲ್ಲರಿಗಿಂತ ಕಡಿಮೆ ಹಾಕಿಕೊಂಡಳು. "ಈ ಬದಿ ಮೇಲಿರಲಿ"ಗೆ ಎಷ್ಟು ಜಾಗ ಬೇಕು?

ಶುಕ್ರವಾರ ಹೊರಗಿನ ಕಂಪನಿಯವನು ಬಂದ. ಮೆದುಮಾತಿನವನು, ಅವಳಿಗೆ ಸಂತಾಪ ಹೇಳಿ ಆಮೇಲೆ ಕೂತ. ಮಾಲೀಕರು, "ಎಲ್ಲರೂ ಒಟ್ಟಿಗೆ ತೆರೀರಿ," ಎಂದರು. ಹನ್ನೆರಡೂ ತೆರೆದವು. ಎಂಟು ಮೇಜುಗಳಲ್ಲಿ ಸದ್ದಿಲ್ಲದೆ ಕೆಲಸ ನಡೆಯಿತು. ಆದರೆ ನಕ್ಷೆಯ ನಾಲ್ವರೂ ಒಟ್ಟಿಗೆ ಪೆಟ್ಟಿಗೆ ತಿರುಗಿಸಿದಾಗ ಪೆಟ್ಟಿಗೆಗಳು ಕುಂಟತೊಡಗಿದವು. ಗೆರೆಯಣ್ಣನದು ಅರ್ಧ ತಿರುಗಿ ನಿಂತೇ ಬಿಟ್ಟಿತು.

"ಇದೇನಮ್ಮ?" ಎಂದರು ಮಾಲೀಕರು. "ಮೊನ್ನೆ ಬೆಣ್ಣೆ ಇದ್ದ ಹಾಗಿತ್ತಲ್ಲ!"

"ಮೊನ್ನೆ ಇದ್ದಿದ್ರಲ್ಲಿ ಅರ್ಧ ನಮ್ಮದಲ್ಲ ಸರ್. ಅವರು ಗೆಳೆಯರ ಹತ್ರ ಎರವಲು ತಂದಿದ್ರು. ನಿನ್ನೆ ತೆಗೆದಿಟ್ಟೆ."

ಹೊರಗಿನವನು ಮರ್ಯಾದೆಗೆಂದು ಕಿಟಕಿಯತ್ತ ತಿರುಗಿದ.

"ಇವತ್ತೊಂದು ದಿನ ಇಟ್ಕೊಂಡಿದ್ರೆ ಆಗ್ತಿತ್ತಲ್ಲ," ಎಂದರು ಮಾಲೀಕರು, ಬೈಯುವ ದನಿಯಲ್ಲಿ ಅಲ್ಲ, ನಿಜವಾಗಿಯೂ ಅರ್ಥವಾಗದೆ.

"ಆಗ್ತಿತ್ತು ಸರ್. ಮುಗಿಸಿದ್ರು ಅಂತ ಮೊದಲು ಹೇಳಿದ್ದೂ ನಾನೇ. ಅವರು ಹೇಳಿರಲಿಲ್ಲ."

ಮಾಲೀಕರು ಎದ್ದು ಮೇಜುಗಳ ನಡುವೆ ಓಡಾಡಿದರು. ಲೆಕ್ಕದಕ್ಕನ ಬೆನ್ನ ಹಿಂದೆ ನಿಂತರು, ಗೆರೆಯಣ್ಣನ ನಿಂತ ಪೆಟ್ಟಿಗೆಯನ್ನು ನೋಡಿದರು. ಹೊರಗಿನವನನ್ನು, "ನಾಲ್ಕು ಮೇಜು ಮಾತ್ರ ನಿಮಗೆ ಕೊಟ್ರೆ ನಡೆಸ್ತೀರಾ?" ಎಂದು ಕೇಳಿದರು. ಅವನು ವಿಚಾರಿಸಿ ಹೇಳುತ್ತೇನೆಂದ. "ಸರಿ. ಎಂಟು ಎಡಚನದು ಇರಲಿ. ಯಾವುದನ್ನೂ ಅಳಿಸಬೇಡಿ," ಎಂದರು ಮಾಲೀಕರು. "ನಕ್ಷೆಯ ನಾಲ್ಕು ಸದ್ಯಕ್ಕೆ ಹಳೇದರಲ್ಲೇ ನಡೀಲಿ, ಆಮೇಲೆ ನೋಡೋಣ. ನೋಡ್ಕೊಳ್ಳೋದು ನೀನೇ ಅಮ್ಮ."

ಎಡಚ ಗೆದ್ದನೋ ಸೋತನೋ ಅವಳಿಗೆ ತಿಳಿಯಲಿಲ್ಲ. ಅತ್ತೆ ಕೇಳಿದರೆ ಏನೆನ್ನುವುದು? ಎಂಟು ಎನ್ನಬಹುದು. ಅವರು ಎಷ್ಟರಲ್ಲಿ ಎನ್ನುತ್ತಾರೆ.

ಪಟ್ಟಿಗಳನ್ನು ಕೈಚೀಲದಲ್ಲಿಟ್ಟುಕೊಂಡು ಅವಳು ಮುದ್ರಣಾಲಯಕ್ಕೆ ನಡೆದುಹೋದಳು. ಒಳಗೆ ಯಂತ್ರಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ನೆಲದ ಹಲಗೆಯೊಂದು ಎದ್ದಿತ್ತು, ಅದರಡಿಯಿಂದ ಎರಡು ಕಾಲು ಕಾಣುತ್ತಿದ್ದವು. ಅವಳು ಹಲಗೆಯನ್ನು ತಟ್ಟಿದಳು. ಹೆಗ್ಗಣ ತಲೆಗೆ ಜೇಡರಬಲೆ ಸುತ್ತಿಕೊಂಡು ಹೊರಬಂದ.

"ಇಷ್ಟು ಬೇಗ ಯಾಕೆ ಅತ್ತಿಗೆ? ಇನ್ನೊಂದು ವಾರ ಇಟ್ಕೋಬಹುದಿತ್ತು."

"ಅವರು ತಗೊಂಡಿದ್ದು ಎಷ್ಟು ದಿನಕ್ಕೆ?"

"ಒಂದು ವಾರಕ್ಕೆ. ಅವನ ವಾರ ಅಂದ್ರೆ ನಿಮಗೆ ಗೊತ್ತಲ್ಲ." ನಗಬಹುದೋ ಬೇಡವೋ ಎಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಅವನು ಎರಡನೆಯ ಯಂತ್ರದ ತಗಡು ತೆಗೆದ. ಅವಳು ಒಂದೊಂದಾಗಿ ಕೊಟ್ಟಳು, ಅವನು ಒಂದೊಂದಾಗಿ ಒತ್ತಿ ಕೂರಿಸಿದ. ಪ್ರತಿಯೊಂದೂ ಟಕ್ ಎಂದು ಕೂತಿತು. ಗುಂಡಿ ಒತ್ತಿದ. ಪರದೆಯ ಮೇಲೆ ಯಂತ್ರ ತನ್ನ ಮೆಮೊರಿಯನ್ನು ತಾನೇ ಎಣಿಸಿಕೊಳ್ಳತೊಡಗಿತು.

"ಸರಿಯಾಗಿದೆ," ಎಂದ ಹೆಗ್ಗಣ.

"ಇನ್ನೊಂದು ಸಲ ನೋಡಿ," ಎಂದಳು ಅವಳು.

ಅವನು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಅದು ಮೊದಲಿನಿಂದ ಎಣಿಸಿತು.